ಕೆಡವದೆ ಟ್ಯಾಕಲ್ ಕಲಿಸಿದ್ದು

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಓಡುವವನನ್ನು ಹಿಡಿದು ಕೆಡವುವುದಕ್ಕೆ ಟ್ಯಾಕಲ್ ಅನ್ನುತ್ತಾರೆ. ಪ್ರಾಕ್ಟೀಸಿನಲ್ಲಿ ಯಾರನ್ನೂ ನೆಲಕ್ಕೆ ಕೆಡವದೆ ಅದನ್ನು ಕಲಿಸಬಹುದು ಅಂದಾಗ ನಮ್ಮ ಹೆಡ್ ಕೋಚ್ ಒಬ್ಬರೇ ನಕ್ಕಿದ್ದರು. ಕಬಡ್ಡಿಯ ಹಿಡಿತ ಇಟ್ಟುಕೊಂಡು ಕಲಿಸುತ್ತೇನೆ ಅಂದಾಗ ಇಡೀ ರೂಮೇ ನಕ್ಕಿತು. ನಾಲ್ಕು ಸೀಸನ್ ಕಳೆದಿದೆ, ಈಗ ಬರೆಯಬಹುದು ಅನ್ನಿಸಿದೆ.

ನಾನಿರುವುದು ಅಯೋವಾದ ಪುಟ್ಟ ಡಿವಿಷನ್ ಥ್ರೀ, ಅಂದರೆ ಕಾಲೇಜು ಕ್ರೀಡೆಯ ಮೂರನೇ ದರ್ಜೆಯ, ಕಾಲೇಜಿನಲ್ಲಿ. ಆಟಕ್ಕೆಂದು ಸ್ಕಾಲರ್‌ಶಿಪ್ ಇಲ್ಲ. ಹುಡುಗರು ಫೀಸು ಕಟ್ಟಿಯೇ ಆಡಬೇಕು. ಹಾಗಾಗಿ ನಮ್ಮ ನೂರು ಚಿಲ್ಲರೆ ಹುಡುಗರ ಮೇಲೆ ಅಡ್ಮಿಷನ್ ಆಫೀಸಿಗೆ ವಿಶೇಷ ಪ್ರೀತಿ. ಸ್ಟ್ಯಾಟಿಸ್ಟಿಕ್ಸ್ ಓದಲು ಅಮೆರಿಕಕ್ಕೆ ಬಂದವನು ನಾನು. ಗೇಮ್ ವಿಡಿಯೋ ಕತ್ತರಿಸುವ ಕೆಲಸಕ್ಕೆ ಸೇರಿ, ಹಾಗೇ ಲೈನ್‌ಬ್ಯಾಕರ್‌ಗಳ, ಅಂದರೆ ಮುಂದಿನ ಸಾಲಿನ ಹಿಂದೆ ನಿಂತು ಟ್ಯಾಕಲ್ ಮಾಡುವ ಡಿಫೆನ್ಸ್ ಹುಡುಗರ, ಕೋಚ್ ಆದೆ. ಮೊದಲ ಸಂಬಳ ವರ್ಷಕ್ಕೆ ಆರು ಸಾವಿರ ಡಾಲರ್ ಆಸುಪಾಸು. ಮನೆ ನಡೆದದ್ದು ಹೆಂಡತಿಯ ದುಡಿಮೆಯಲ್ಲಿ, ಮುಚ್ಚಿಡುವುದೇನು.

ಕೆಡವದ ಪ್ರಾಕ್ಟೀಸು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಪಕ್ಕದ ಮಿನ್ನೆಸೋಟದ ಸೇಂಟ್ ಜಾನ್ಸ್ ಯೂನಿವರ್ಸಿಟಿಯಲ್ಲಿ ಜಾನ್ ಗಗ್ಲಿಯಾರ್ಡಿ 1953ರಿಂದ 2012ರ ತನಕ ಕೋಚ್ ಆಗಿದ್ದರು. ಅದಕ್ಕೂ ಮುಂಚಿನ ಮೊಂಟಾನಾದ ದಿನಗಳನ್ನೂ ಸೇರಿಸಿದರೆ 489 ಗೆಲುವು. ಸೀಟಿ ಇಲ್ಲ, ಹುಡುಗರು ಗುದ್ದಿ ತಳ್ಳುವ ಮೆತ್ತೆ ಕಟ್ಟಿದ ಸ್ಲೆಡ್ ಇಲ್ಲ, ಪ್ರಾಕ್ಟೀಸಿನಲ್ಲಿ ಟ್ಯಾಕಲ್ ಇಲ್ಲ. ಇದನ್ನು ಹೇಳಿದರೆ ನಮ್ಮವರ ಉತ್ತರ, 'ಅವರಿಗೆ ಒಳ್ಳೇ ಹುಡುಗರು ಸಿಕ್ಕಿದ್ದರು.' ಡಾರ್ಟ್‌ಮತ್ ಕಾಲೇಜಿನಲ್ಲಿ ಕೋಚ್ ಬಡ್ಡಿ ಟೀವೆನ್ಸ್ 2010ರಲ್ಲೇ ಪ್ರಾಕ್ಟೀಸಿನ ಟ್ಯಾಕಲ್ ನಿಲ್ಲಿಸಿದ್ದರಲ್ಲ ಅಂದೆ. 'ಅವರಲ್ಲಿ ದುಡ್ಡಿದೆ, ಹುಡುಗರ ಬದಲು ಟ್ಯಾಕಲ್ ಮಾಡಲು ರೋಬೋ ಡಮ್ಮಿ ಓಡಿಸುತ್ತಾರೆ.' ನಮ್ಮಲ್ಲಿ ದುಡ್ಡಿಲ್ಲದಿದ್ದರೂ ಹೊಸ ಸ್ಲೆಡ್‌ಗೆ ಏಳೆಂಟು ಸಾವಿರದ ಕೊಟೇಶನ್ ತರಿಸಿದ್ದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ನಾನು ಕುಸ್ತಿಯವರ ಹಳೇ ಮ್ಯಾಟ್ ಬೇಡಿ ತಂದೆ. ಖರ್ಚು ಅಂದರೆ ಟೇಪಿಗೆ ನಲವತ್ತು ಡಾಲರ್.

ಮೊದಲ ವರ್ಷ ಪೂರ್ತಿ ಎಡವಟ್ಟು. ಪಾದದ ಹಿಡಿತದಿಂದ ಶುರು ಮಾಡಿದ್ದೇ ತಪ್ಪು. ರೇಡರ್ ನಿಂತು ಕಾಲು ಚಾಚುತ್ತಾನೆ, ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್ ಕ್ಲೀಟ್ಸ್, ಅಂದರೆ ಮೊಳೆ ಬೂಟು, ಹಾಕಿಕೊಂಡು ನುಗ್ಗುತ್ತಾನೆ. ಮೂರು ವಾರದಲ್ಲಿ ಇಬ್ಬರ ಬೆರಳು ಮುರಿಯಿತು. ಆ ತಿಂಗಳು ಟ್ರೇನರ್ ನನ್ನ ಜೊತೆ ಮಾತೇ ಆಡಲಿಲ್ಲ. ಚೈನ್ ಹಿಡಿತ ಇನ್ನೂ ದಂಡ. ಇಬ್ಬರು ಕೈ ಕೈ ಹಿಡಿದು ನಿಲ್ಲುವಷ್ಟರಲ್ಲಿ ಚೆಂಡು ಹತ್ತು ಗಜ ದಾಟಿರುತ್ತದೆ. ಆ ಸೀಸನ್ ಹತ್ತರಲ್ಲಿ ಎರಡು ಗೆದ್ದೆವು. ವಿಡಿಯೋ ನೋಡಿ ಎಣಿಸಿದೆ: ಪಂದ್ಯಕ್ಕೆ ಇಪ್ಪತ್ತರ ಹತ್ತಿರ ತಪ್ಪಿದ ಟ್ಯಾಕಲ್.

ಕೈ ಹಿಡಿದದ್ದು ತೊಡೆ ಹಿಡಿತ. ಭುಜ ತೊಡೆಗೆ, ಕೆನ್ನೆ ಹಿಂಬದಿಗೆ, ಎರಡೂ ಕೈ ಮೊಣಕಾಲ ಹಿಂದೆ ಬೀಗ. ತಲೆ ಎದುರಿಗೆ ಹೋಗುವುದೇ ಇಲ್ಲ. ಸಿಯಾಟಲ್‌ನ ವೃತ್ತಿಪರ ತಂಡ ಸೀಹಾಕ್ಸ್‌ನವರು ರಗ್ಬಿಯಿಂದ ತಂದದ್ದೂ ಹೆಚ್ಚುಕಮ್ಮಿ ಇದೇ. ಆದರೆ ಅವರು ಉರುಳಿಸಿ ಮುಗಿಸುತ್ತಾರೆ, ನಾವು ಎತ್ತಿ ನಿಲ್ಲಿಸಿ ಬಿಡುತ್ತೇವೆ. ಹಿಡಿಯುವ ಮುಂಚಿನ ಕೊನೆಯ ಎರಡು ಹೆಜ್ಜೆ ಹೇಗಿರಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅಕ್ಟೋಬರಿನಲ್ಲಿ ಇದೇ ಕಾನ್ಫರೆನ್ಸಿನಲ್ಲಿ, ಅಂದರೆ ನಮ್ಮ ಲೀಗಿನಲ್ಲಿ, ನಾನಿನ್ನೂ ತಂಡ ಆಡಿಸಬೇಕು.

ಡ್ಯಾಶ್ ಕೂಡ ಸಲೀಸಾಗಿ ಹೊಂದಿತು. ಸೈಡ್‌ಲೈನ್ ಅಂದರೆ ನಮ್ಮ ಕಬಡ್ಡಿ ಅಂಕಣದ ಗೆರೆಯೇ. ಆಚೆ ತಳ್ಳಿದರೆ ಆಯಿತು. ಅಂಗಿ ಎಳೆಯಬಾರದು ಅನ್ನುವ ಕಬಡ್ಡಿ ನಿಯಮವನ್ನು ಮ್ಯಾಟ್ ಮೇಲೆ ಬಿಗಿಯಾಗಿ ಇಟ್ಟೆ. ಹಿಂದಿನಿಂದ ಕಾಲರ್ ಹಿಡಿದು ಕೆಡವಿದ್ದಕ್ಕೆ ಬೀಳುವ ಹದಿನೈದು ಗಜದ ಹಾರ್ಸ್ ಕಾಲರ್ ದಂಡ ಆಮೇಲೆ ಒಂದೋ ಎರಡೋ ಬಿದ್ದಿರಬೇಕು, ಅಷ್ಟೇ.

ಉಸಿರು ಪಳಗಲಿ ಅಂತ ಮುಂದಿನ ಸಾಲಿನಲ್ಲಿ ನಿಲ್ಲುವ ಮುನ್ನೂರು ಪೌಂಡಿನ ಲೈನ್‌ಮನ್‌ಗಳಿಂದ 'ಕಬಡ್ಡಿ ಕಬಡ್ಡಿ' ಹೇಳಿಸಿ ಓಡಿಸಿಯೂ ನೋಡಿದೆ. ಒಬ್ಬ ನಕ್ಕು ನಕ್ಕು ವಾಂತಿ ಮಾಡಿಕೊಂಡ. ಬೇರೇನೂ ಪ್ರಯೋಜನ ಆಗಲಿಲ್ಲ.

ಮೂರನೇ ವರ್ಷ ತಪ್ಪಿದ ಟ್ಯಾಕಲ್ ಎಂಟೊಂಬತ್ತಕ್ಕೆ ಇಳಿಯಿತು, ಕಳೆದ ವರ್ಷ ಏಳು ಪಂದ್ಯ ಗೆದ್ದೆವು. ತಲೆಪೆಟ್ಟಿನಿಂದ ಹೊರಗೆ ಕೂತವರು ನನ್ನ ಗುಂಪಿನಲ್ಲಿ ಒಬ್ಬನೇ, ಅವನೂ ಬಿದ್ದದ್ದು ಹಾಸ್ಟೆಲ್ ಮೆಟ್ಟಿಲಲ್ಲಿ. ಸಂಬಳ ಹನ್ನೊಂದು ಸಾವಿರಕ್ಕೆ ಏರಿದೆ. ಸ್ಲೆಡ್ ಕೊಟೇಶನ್ ಹೆಡ್ ಕೋಚ್ ಡ್ರಾಯರಿನಲ್ಲೇ ಇದೆ.

ಬಗೆಹರಿಯದೆ ಉಳಿದಿರುವುದು ಸೇಫ್ಟಿಗಳ, ಅಂದರೆ ಎಲ್ಲರಿಗಿಂತ ಹಿಂದೆ ನಿಂತು ಕಾಯುವ ಹುಡುಗರ, ಪಾಡು. ಬಯಲಲ್ಲಿ ಇಪ್ಪತ್ತು ಗಜ ಓಡಿ ಬಂದು ಹಿಡಿಯುವುದನ್ನು ಮ್ಯಾಟ್ ಮೇಲೆ ಕಲಿಸಲಾಗುತ್ತಿಲ್ಲ. ಎರಡು ಮ್ಯಾಟ್ ಜೋಡಿಸಿದರೆ ನಡುವಿನ ಟೇಪ್ ಕಿತ್ತು ಬರುತ್ತದೆ. ಈ ಬೇಸಿಗೆಯಲ್ಲಿ ಹುಲ್ಲಿನ ಮೇಲೆ ಸುಣ್ಣದಲ್ಲಿ ಅಂಕಣ ಎಳೆದು ನೋಡಬೇಕು.