ಉತ್ತರಿ ಮಳೆಯಿಂದ ತುಳಸಿ ಹಬ್ಬದವರೆಗೆ ತಟ್ಟು ಕುದುರೆಯ ಆರೈಕೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ತಟ್ಟು ಕುದುರೆ ಇಟ್ಟುಕೊಂಡವರು ಬೇಸಿಗೆಗೆ ಹೆದರುತ್ತಾರೆ. ಹೆದರಬೇಕಾದದ್ದು ನಿಜವಾಗಿ ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಮಳೆಗಳ ಕಾಲಕ್ಕೆ, ಅವು ಮುಗಿದು ತುಳಸಿ ಹಬ್ಬ ಆಗುವ ತನಕ, ಅಂದರೆ ಸೆಪ್ಟೆಂಬರ್ ನಡುವಿನಿಂದ ನವೆಂಬರ್ ತನಕ. ಬದುವಿನ ಹಸಿ ಹುಲ್ಲು ಮುಗಿದು ಒಣ ಮೇವು ಶುರುವಾಗುತ್ತದೆ. ಮುಂಗಾರಿನ ಮೆಕ್ಕೆಜೋಳ, ಶೇಂಗಾ ಕಣಕ್ಕೆ ಬರುತ್ತವೆ. ಚಾತುರ್ಮಾಸದಲ್ಲಿ ಸುಮ್ಮನೆ ನಿಂತಿದ್ದ ಮೆರವಣಿಗೆ ಕುದುರೆಗೆ ತುಳಸಿ ಲಗ್ನ ಆದದ್ದೇ ಮದುವೆ ಕೆಲಸ ಬೀಳುತ್ತದೆ. ಕುರಿಗಾರರ ತಟ್ಟುವಿನ ಬೆನ್ನಿಗೆ ಕಂಬಳಿ, ಮರಿ, ಅಡಿಗೆ ಸಾಮಾನು ಏರುತ್ತವೆ. ಮೇವು, ನೆಲ, ಕೆಲಸ ಮೂರೂ ಒಟ್ಟಿಗೆ ಬದಲಾಗುವ ಕಾಲ ಇದು. ಬದಲಾವಣೆಯನ್ನು ಒಂದೇ ದಿನದಲ್ಲಿ ಮಾಡಿದರೆ ಹೊಟ್ಟೆ ಶೂಲೆ, ಗೊರಸಿನ ಉರಿ, ಬೆನ್ನಿನ ಹುಣ್ಣು ಬಂದೇ ಬರುತ್ತವೆ.

ಮೊದಲು ತೂಕ ಗೊತ್ತಿರಲಿ

ಮೇವು, ಔಷಧ ಎರಡಕ್ಕೂ ತೂಕವೇ ಲೆಕ್ಕ. ದರ್ಜಿ ಟೇಪು ಸಾಕು. ಮುಂಗಾಲಿನ ಹಿಂದೆ, ಹೆಗಲ ಉಬ್ಬಿನ ಹಿಂಬದಿಗೆ ಎದೆ ಸುತ್ತಳತೆ ಹಿಡಿಯಿರಿ. ಆಮೇಲೆ ಭುಜದ ಮುಂದಿನ ಮೂಳೆಯಿಂದ ಪೃಷ್ಠದ ತುದಿ ಮೂಳೆಯವರೆಗೆ ಉದ್ದ ಅಳೆಯಿರಿ. ಎರಡೂ ಸೆಂಟಿಮೀಟರಿನಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 130, ಉದ್ದ 120 ಇದ್ದರೆ ಸುಮಾರು 170 ಕಿಲೋ ಬರುತ್ತದೆ. ಕಣ್ಣಂದಾಜು ಇಪ್ಪತ್ತು ಮೂವತ್ತು ಕಿಲೋ ತಪ್ಪುವುದು ಸಾಮಾನ್ಯ.

ದಿನಕ್ಕೆ ಬೇಕಾದ ಒಟ್ಟು ಮೇವು ದೇಹದ ತೂಕದ ಶೇಕಡ 2ರಿಂದ 2.5ರಷ್ಟು, ಅದೂ ಒಣ ಲೆಕ್ಕದಲ್ಲಿ. 200 ಕಿಲೋ ತಟ್ಟುವಿಗೆ 4ರಿಂದ 5 ಕಿಲೋ ಆಯಿತು. ಅದರಲ್ಲಿ ಬಹುಪಾಲು ನಾರಿನ ಮೇವೇ ಇರಬೇಕು. ಕೆಲಸ ಇರುವ ದಿನ ಹುರಳಿ 500ರಿಂದ 750 ಗ್ರಾಂ. ಒಣಗಿದ್ದಾಗಲೇ ತೂಗಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೇಯಿಸಿ, ಆರಿಸಿ, ಎರಡು ಮೂರು ಹೊತ್ತಿಗೆ ಹಂಚಿ. ಕೆಲಸ ಇಲ್ಲದ ದಿನ ಇದರ ಕಾಲು ಭಾಗ ಸಾಕು, ಇಲ್ಲದಿದ್ದರೂ ನಡೆಯುತ್ತದೆ. ಕಲ್ಲುಪ್ಪು ದಿನಕ್ಕೆ 20ರಿಂದ 30 ಗ್ರಾಂ. ನೀರು ಸುಮ್ಮನೆ ನಿಂತಾಗ 10 ಲೀಟರಿನಷ್ಟು, ಬಿಸಿಲಲ್ಲಿ ದುಡಿದರೆ ಅದರ ಎರಡರಷ್ಟು, ಮೂರರಷ್ಟು. ಒಣ ಮೇವಿಗೆ ತಿರುಗಿದ ಮೇಲೆ ಕುಡಿಯುವ ನೀರೂ ಹೆಚ್ಚಬೇಕು. ಬಾನಿ ಪಾಚಿ ಕಟ್ಟಿ, ನೀರು ಕಡಿಮೆ ಕುಡಿದರೆ ಒಣ ಮೇವು ಕರುಳಿನಲ್ಲಿ ಗಟ್ಟಿಯಾಗಿ ಕೂರುತ್ತದೆ.

ಹಸಿಯಿಂದ ಒಣಕ್ಕೆ ಹತ್ತು ದಿನ

ಕುದುರೆ ಮೆಲುಕು ಹಾಕುವುದಿಲ್ಲ. ನಾರು ಅರಗುವುದು ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳಿಂದ, ಆ ಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಸಮಯ ಬೇಕು. ಮೊದಲ ಮೂರು ದಿನ ಕಾಲು ಭಾಗ ಹೊಸದು, ಮುಂದಿನ ಮೂರು ದಿನ ಅರ್ಧ, ಮತ್ತೆ ಮೂರು ದಿನ ಮುಕ್ಕಾಲು, ಹತ್ತನೆಯ ದಿನ ಪೂರ್ತಿ. ಹಳೆಯ ಬಣವೆ ಮುಗಿಯುವ ಮುಂಚೆಯೇ ಹೊಸದನ್ನು ತರಿಸದಿದ್ದರೆ ಈ ಲೆಕ್ಕ ಕೂಡುವುದಿಲ್ಲ. ತಪ್ಪುವುದೂ ಹೆಚ್ಚಾಗಿ ಅಲ್ಲಿಯೇ.

ಜೋಳದ ಕಣಕಿ ಒಳ್ಳೆಯ ಮೇವು, ಬಲಿತು ಚೆನ್ನಾಗಿ ಒಣಗಿದ್ದರೆ ಮಾತ್ರ. ಕೊಯ್ದ ಕೂಳೆಯಲ್ಲಿ ಮಳೆಗೆ ಒಡೆದ ಚಿಗುರು, ನೀರಿಲ್ಲದೆ ಬಾಡಿದ ಎಳೆ ಜೋಳ ದನಕ್ಕೆ ವಿಷ ಎಂಬುದು ಎಲ್ಲರಿಗೂ ಗೊತ್ತು. ಕುದುರೆಯ ತೊಂದರೆ ಬೇರೆ ಥರದ್ದು. ಹಸಿ ಜೋಳವನ್ನೇ ವಾರಗಟ್ಟಲೆ ತಿಂದರೆ ಹಿಂಗಾಲಿನ ಹಿಡಿತ ತಪ್ಪುತ್ತದೆ, ಮೂತ್ರ ನಿಲ್ಲದೆ ತೊಟ್ಟಿಕ್ಕುತ್ತದೆ, ತೊಡೆಯ ಒಳಭಾಗದ ಚರ್ಮ ಸುಟ್ಟಂತಾಗುತ್ತದೆ. ನರಕ್ಕೆ ಬಿದ್ದ ಪೆಟ್ಟು ಪೂರ್ತಿ ಸರಿಹೋಗುವುದು ಅಪರೂಪ. ಎತ್ತಿಗೆ ಹಾಕುವ ಹಸಿ ಜೋಳವನ್ನು ತಟ್ಟುವಿನ ಗ್ವಾದಲಿಗೆ ಹಾಕಬೇಡಿ.

ಶೇಂಗಾ ಬಳ್ಳಿ ಈ ಕಾಲದ ಉತ್ತಮ ಮೇವು. ಕ್ಯಾಲ್ಸಿಯಂ ಚೆನ್ನಾಗಿದೆ, ತಟ್ಟು ಬಾಯಿ ಚಪ್ಪರಿಸಿ ತಿನ್ನುತ್ತದೆ. ಆದರೆ ಅದು ನೆಲದಿಂದ ಕಿತ್ತು ಬರುವಂಥದ್ದು, ಬೇರಿನ ತುಂಬ ಮಸಾರಿ ಮಣ್ಣು. ಮಂಚದ ಮೇಲೆ ತಂತಿ ಜಾಲರಿ ಹಾಸಿ, ಬಳ್ಳಿಯನ್ನು ಅದರ ಮೇಲೆ ಕೊಡವಿ, ಬೇರಿನ ಕಡೆಯ ನಾಲ್ಕು ಬೆರಳು ಕತ್ತರಿಸಿ ಬಿಸಾಡಿ. ಹೊಟ್ಟೆಗೆ ಮರಳು ಹೋಗುತ್ತಿದೆಯೇ ಎಂದು ನೋಡಲು ಒಂದು ದಾರಿ ಇದೆ. ನೆಲಕ್ಕೆ ತಾಗದ ಐದಾರು ಲದ್ದಿ ಉಂಡೆಯನ್ನು ಪಾರದರ್ಶಕ ಬಾಟಲಿಗೆ ಹಾಕಿ, ಮುಕ್ಕಾಲು ನೀರು ತುಂಬಿ, ಚೆನ್ನಾಗಿ ಕುಲುಕಿ ಕಾಲು ತಾಸು ಬಿಡಿ. ನಾರು ಮೇಲೆ ತೇಲುತ್ತದೆ, ಮರಳು ತಳಕ್ಕೆ ಬಂದು ಕೆಂಪು ಪಟ್ಟಿಯಾಗಿ ಕೂರುತ್ತದೆ. ಆ ಪಟ್ಟಿ ಒಂದು ಟೀ ಚಮಚೆಗಿಂತ ಹೆಚ್ಚಿದ್ದರೆ ಮೇವನ್ನು ನೆಲದ ಮೇಲೆ ಹಾಕುವುದನ್ನು ನಿಲ್ಲಿಸಿ, ವೈದ್ಯರಿಗೆ ತಿಳಿಸಿ.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ನೀರಾವರಿ ಕಡೆ ಭತ್ತದ ಹುಲ್ಲು, ತೌಡು ಅಗ್ಗ. ಹುಲ್ಲು ಹೊಟ್ಟೆ ತುಂಬಿಸುತ್ತದೆ ಅಷ್ಟೇ, ಸತ್ವ ಕಡಿಮೆ. ತೌಡಿನಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಇವೆರಡನ್ನೇ ತಿಂಗಳುಗಟ್ಟಲೆ ಕೊಟ್ಟರೆ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮುಖದ ಮೂಳೆ ಊದುತ್ತದೆ, ಕಾಲು ಕುಂಟುತ್ತದೆ. ತೌಡು ದಿನಕ್ಕೆ 250 ಗ್ರಾಂ ದಾಟದಿರಲಿ, ಜೊತೆಗೆ ಶೇಂಗಾ ಬಳ್ಳಿ ಇರಲಿ. ಬಳ್ಳಿ ಸಿಗದಿದ್ದರೆ ಮೇವಿಗೆ ಬೆರೆಸುವ ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿ 20 ಗ್ರಾಂ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಬೇಡ, ಬಾಯಿ ಸುಡುತ್ತದೆ.

ಮೆಕ್ಕೆಜೋಳ ಬೇಡವೇ ಬೇಡ

ಅಕ್ಟೋಬರಿನಲ್ಲಿ ರಸ್ತೆ ಬದಿಯೆಲ್ಲ ಮೆಕ್ಕೆಜೋಳ ಒಣಗಲು ಹಾಕಿರುತ್ತಾರೆ, ಮೇಲೆ ಚಿತ್ತಿ ಮಳೆ ಒಂದು ಸಲ ಹೊಡೆದಿರುತ್ತದೆ. ಹೀಗೆ ನೆನೆದ ಕಾಳಿನಲ್ಲಿ ಬೆಳೆಯುವ ಬೂಷ್ಟಿನ ವಿಷ ಕೋಳಿ, ದನಕ್ಕಿಂತ ಕುದುರೆಗೆ ಬಹಳ ಹೆಚ್ಚು ತಾಗುತ್ತದೆ. ಮಿದುಳಿನ ಒಳಭಾಗ ಮೆತ್ತಗಾಗಿ ಕರಗುತ್ತದೆ. ಮೇವು ಬಿಡುವುದು, ತೂಕಡಿಸುವುದು, ಗೋಡೆಗೆ ಹಣೆ ಒತ್ತಿ ನಿಲ್ಲುವುದು, ಸುತ್ತು ತಿರುಗುವುದು, ಆಮೇಲೆ ಸಾವು. ಎಷ್ಟೋ ಸಲ ಎರಡು ಮೂರು ದಿನದಲ್ಲೇ ಮುಗಿದುಹೋಗುತ್ತದೆ. ಇದಕ್ಕೆ ಮದ್ದಿಲ್ಲ. ಕಣ್ಣಿಗೆ ಬೂಷ್ಟು ಕಾಣದ ಕಾಳಿನಲ್ಲೂ ವಿಷ ಇರಬಹುದು, ಒಡೆದ ನುಚ್ಚು ಮತ್ತು ಕಣದ ಅಡಿಯ ಪುಡಿಯಲ್ಲಿ ಇನ್ನೂ ಹೆಚ್ಚು. ಅಗ್ಗಕ್ಕೆ ಸಿಗುವುದೂ ಅದೇ ಪುಡಿ. ತಟ್ಟುವಿಗೆ ಮೆಕ್ಕೆಜೋಳ ಇಲ್ಲದೆ ಏನೂ ಕೊರತೆಯಾಗುವುದಿಲ್ಲ. ಹಗ್ಗ ಕಿತ್ತುಕೊಂಡು ರಾಶಿಗೆ ಬಾಯಿ ಹಾಕಿದ್ದರೆ ರೋಗ ಲಕ್ಷಣಕ್ಕೆ ಕಾಯದೆ ಆಗಲೇ ವೈದ್ಯರನ್ನು ಕರೆಯಿರಿ. ಬೂಷ್ಟು ಇಲ್ಲದ ಕಾಳಾದರೂ ಬೊಗಸೆಗಟ್ಟಲೆ ತಿಂದರೆ ಶೂಲೆಯೋ ಗೊರಸಿನ ಉರಿಯೋ ತಪ್ಪದು.

ಕೋಳಿ ಆಹಾರವನ್ನು ದೂರ ಇಡಿ. ಅದರಲ್ಲಿ ಬೆರೆಸುವ ಮೊನೆನ್ಸಿನ್‌ನಂಥ ಔಷಧ ಕೋಳಿಗೆ ಒಳ್ಳೆಯದು, ಕುದುರೆಯ ಹೃದಯವನ್ನು ನಿಲ್ಲಿಸುತ್ತದೆ. ಔಡಲ ಬೀಜವೂ ಹಾಗೆಯೇ, ಸ್ವಲ್ಪವೇ ಸಾಕು. ರಾಯಚೂರು ಕಡೆ ಔಡಲ ಒಕ್ಕಿದ ಕಣದಲ್ಲಿ ತಟ್ಟು ಕಟ್ಟಬೇಡಿ. ಆಯುಧ ಪೂಜೆಯ ದಿನ ಕುದುರೆಗೆ ಹಾರ ಹಾಕುವವರು ಕಣಗಿಲ ಹೂವು, ಎಲೆ ಸೇರಿಸದಿರಲಿ. ಪಕ್ಕದ ತಟ್ಟು ಅದನ್ನು ಕಿತ್ತು ತಿನ್ನುತ್ತದೆ. ಕುದುರೆ ವಾಂತಿ ಮಾಡಲಾರದು, ಒಳಗೆ ಹೋದದ್ದು ಒಳಗೇ ಉಳಿಯುತ್ತದೆ.

ಹೊಟ್ಟೆ ಶೂಲೆ ಬಂದರೆ

ಮೇವು ಬಿಟ್ಟು ನೆಲ ಕೆರೆಯುವುದು, ತಿರುಗಿ ತಿರುಗಿ ಪಕ್ಕೆ ನೋಡುವುದು, ಹೊಟ್ಟೆಗೆ ಒದೆಯುವುದು, ಬೆವರುವುದು, ಬಿದ್ದು ಹೊರಳುವುದು. ಮೊದಲು ಗ್ವಾದಲಿ ಖಾಲಿ ಮಾಡಿ. ದವಡೆಯ ಕೆಳಗೆ, ಒಳ ಅಂಚಿನಲ್ಲಿ ನಾಡಿ ಸಿಗುತ್ತದೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಸುಮ್ಮನೆ ನಿಂತ ತಟ್ಟುವಿಗೆ ಸುಮಾರು 30ರಿಂದ 48 ಸರಿ, 60 ದಾಟಿದರೆ ತುರ್ತು. ತುಟಿ ಎತ್ತಿ ವಸಡಿಗೆ ಹೆಬ್ಬೆರಳು ಒತ್ತಿ ಬಿಡಿ, ಬಿಳುಪು ಎರಡು ಸೆಕೆಂಡಿನಲ್ಲಿ ಮತ್ತೆ ಗುಲಾಬಿಯಾಗಬೇಕು. ಕೆನ್ನೀಲಿ ಅಥವಾ ಕಡುಗೆಂಪು ವಸಡು ಕೆಟ್ಟ ಗುರುತು. ಜ್ವರ ನೋಡಿದರೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಈ ಅಂಕಿಗಳನ್ನು ಬರೆದಿಟ್ಟುಕೊಂಡು ಪಶು ಸಹಾಯವಾಣಿ 1962ಕ್ಕೋ ಹತ್ತಿರದ ಪಶು ಆಸ್ಪತ್ರೆಗೋ ಫೋನು ಮಾಡಿ. ಹೊರಳುವ ಹಾಗಿದ್ದರೆ ನಿಧಾನಕ್ಕೆ ಹತ್ತು ಹದಿನೈದು ನಿಮಿಷ ನಡೆಸಿ, ತಾಸುಗಟ್ಟಲೆ ಓಡಿಸಿ ಸುಸ್ತು ಮಾಡಬೇಡಿ.

ದನಕ್ಕೆ ಹಾಕುವ ಹಾಗೆ ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ, ಸೋಡಾ ಸುರಿಯಬೇಡಿ. ತಲೆ ಎತ್ತಿಸಿ ಹಾಕಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ, ಶೂಲೆ ವಾಸಿಯಾಗಿಯೂ ತಟ್ಟು ನ್ಯುಮೋನಿಯಾದಲ್ಲಿ ಹೋಗುತ್ತದೆ. ವೈದ್ಯರು ಎಣ್ಣೆ ಕೊಡುವುದು ಮೂಗಿನ ಮೂಲಕ ಹೊಟ್ಟೆಗೆ ಇಳಿಸುವ ನಳಿಗೆಯಲ್ಲಿ.

ಗೊರಸಿನ ಉರಿ ಇದಕ್ಕೆ ಹತ್ತಿರದ ನೆಂಟ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದರೆ, ಗೊರಸು ಮುಟ್ಟಿದರೆ ಬಿಸಿ ಇದ್ದರೆ ನಡೆಸಲೇಬೇಡಿ. ಮೆತ್ತನೆ ಮರಳಿನ ಮೇಲೆ ನಿಲ್ಲಿಸಿ, ಗೊರಸಿಗೆ ತಣ್ಣೀರು ಅಥವಾ ಮಂಜುಗಡ್ಡೆ ಇಡಿ, ಕಾಳು ಪೂರ್ತಿ ನಿಲ್ಲಿಸಿ, ವೈದ್ಯರನ್ನು ಕರೆಸಿ.

ಎರೆ ನೆಲ, ಗೊರಸು

ಎರೆ ಮಣ್ಣು ಗೊರಸಿನ ಅಡಿಗೆ ಮೆತ್ತಿಕೊಂಡರೆ ಗಾಳಿ ಆಡುವುದಿಲ್ಲ. ಅಡಿಯ ಮೂರು ಮೂಲೆಯ ಮೆತ್ತನೆ ಭಾಗದ ಎರಡೂ ಪಕ್ಕದ ಸಂದು ಕಪ್ಪಾಗಿ, ಕೊಳೆತು ನಾರುತ್ತದೆ. ದಿನಕ್ಕೆ ಎರಡು ಸಲ ಮೊಂಡ ಕೊಕ್ಕೆಯಿಂದ ಹಿಮ್ಮಡಿ ಕಡೆಯಿಂದ ಗೊರಸಿನ ಮುಂತುದಿ ಕಡೆಗೆ ಕೆರೆದು ತೆಗೆಯಿರಿ. ತೊಳೆದರೆ ಒಣ ಬಟ್ಟೆಯಿಂದ ಒರೆಸಲೇಬೇಕು. ವಾಸನೆ ಇದ್ದರೆ ನೀರು ಬೆರೆಸಿದ ಪೋವಿಡೋನ್ ಅಯೋಡಿನ್ ಅನ್ನು ಹತ್ತಿಯಲ್ಲಿ ಅದ್ದಿ ಸಂದಿನಲ್ಲಿ ಒತ್ತಿಡಿ, ದಿನಾ ಬದಲಿಸಿ. ಮೈಲುತುತ್ತವನ್ನು ಹಾಗೇ ತುಂಬುವ ರೂಢಿ ಇದೆ, ಅದು ಕೊಳೆಯ ಜೊತೆ ಜೀವಂತ ಚರ್ಮವನ್ನೂ ಸುಡುತ್ತದೆ. ನಿಲ್ಲುವ ಜಾಗಕ್ಕೆ ನಾಲ್ಕು ಬುಟ್ಟಿ ಗರಸು ಹಾಕಿಸಿದರೆ ಅರ್ಧ ಕೆಲಸ ಕಡಿಮೆ. ಗೊರಸು ಕತ್ತರಿಸುವುದು, ಲಾಳ ಬದಲಿಸುವುದು ಆರರಿಂದ ಎಂಟು ವಾರಕ್ಕೊಮ್ಮೆ.

ತೊಗರಿ ಕೂಳೆ, ಜಾಲಿ ಮುಳ್ಳು, ಮೊಳೆ ಚುಚ್ಚಿದರೆ ಧನುರ್ವಾಯು ಲಸಿಕೆ ಯಾವಾಗ ಆಗಿದೆ ಎಂದು ನೋಡಿ. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಇಲ್ಲ. ಮೇಯಲು ಬಿಡುವಾಗ ಮುಂಗಾಲು ಕಟ್ಟುವ ಹಗ್ಗ ಮಳೆಗೆ ನೆನೆದು ಒಣಗಿದರೆ ಗಟ್ಟಿಯಾಗಿ ಚರ್ಮ ಕೊಯ್ಯುತ್ತದೆ. ಹಳೆ ಸೀರೆ ಬಟ್ಟೆ ಸುತ್ತಿ ಕಟ್ಟಿ, ಸಂಜೆ ಬಿಚ್ಚಿ.

ನೊಣ, ಸೊಳ್ಳೆ, ಹುಳ

ಮಳೆ ಹಿಂದೆ ಬರುವ ದೊಡ್ಡ ಕಚ್ಚು ನೊಣ ಸರ್ರಾ ರೋಗ ಹರಡುತ್ತದೆ. ಜ್ವರ ಬಂದು ಹೋಗಿ ಮಾಡುತ್ತದೆ. ಮೇವು ತಿಂದರೂ ತಟ್ಟು ಸೊರಗುತ್ತದೆ, ಹೊಟ್ಟೆಯಡಿ ಮತ್ತು ಕಾಲು ಊದುತ್ತವೆ, ವಸಡು ಬಿಳಿಚುತ್ತದೆ. ರಕ್ತ ಪರೀಕ್ಷೆಯನ್ನು ಜ್ವರ ಇರುವಾಗಲೇ ಮಾಡಿಸಿ, ಜ್ವರ ಇಳಿದಾಗ ರೋಗಾಣು ಕಾಣದೆ ಹೋಗಬಹುದು. ಒಂದೇ ಸೂಜಿಯಲ್ಲಿ ಹಲವು ಕುದುರೆಗೆ ಚುಚ್ಚಿದರೂ ಇದು ಹಬ್ಬುತ್ತದೆ.

ಸೊಳ್ಳೆಯಿಂದ ಬರುವುದು ಕುಮ್ರಿ. ದನದ ಹೊಟ್ಟೆಯಲ್ಲಿ ನಿರುಪದ್ರವಿಯಾಗಿರುವ ದಾರದಂಥ ಹುಳುವಿನ ಮರಿಗಳು ಸೊಳ್ಳೆಯ ಮೂಲಕ ಕುದುರೆಗೆ ಬಂದು, ದಾರಿ ತಪ್ಪಿ ಬೆನ್ನುಹುರಿ ಸೇರುತ್ತವೆ. ಸೊಂಟ ತೂಗಾಡುತ್ತದೆ, ಹಿಂಗಾಲು ಎಳೆಯುತ್ತದೆ. ಗದ್ದೆ ಬಯಲಿನಲ್ಲಿ ತಟ್ಟುವನ್ನು ದನದ ಕೊಟ್ಟಿಗೆಯಲ್ಲಿ ಕಟ್ಟಬಾರದು ಎನ್ನುವುದು ಇದಕ್ಕೇ. ಸಾಧ್ಯವಾದಷ್ಟು ದೂರ ಕಟ್ಟಿ, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ, ಸೊಳ್ಳೆ ಪರದೆ ಇಳಿಬಿಡಿ, ಲದ್ದಿಯನ್ನು ದಿನಾ ತಿಪ್ಪೆಗೆ ಸಾಗಿಸಿ.

ಮುಂಗಾಲಿನ ಕೂದಲಿಗೆ ಸಜ್ಜೆಗಿಂತ ಸಣ್ಣ ಹಳದಿ ಚುಕ್ಕೆಗಳು ಅಂಟಿಕೊಂಡಿದ್ದರೆ ಅವು ನೊಣದ ಮೊಟ್ಟೆ. ತಟ್ಟು ನೆಕ್ಕಿಕೊಂಡಾಗ ಮರಿಹುಳು ಬಾಯಿಗೆ, ಅಲ್ಲಿಂದ ಜಠರಕ್ಕೆ ಹೋಗುತ್ತದೆ. ಮೊಂಡ ಚಾಕುವಿನಿಂದ ಕೆರೆದು ತೆಗೆಯಿರಿ. ಜಂತಿನ ಔಷಧಕ್ಕೆ ಐವರ್ಮೆಕ್ಟಿನ್ ಆದರೆ ಕಿಲೋಗೆ 200 ಮೈಕ್ರೋಗ್ರಾಂ, ಬಾಯಿಯ ಮೂಲಕ. ದನದ ಇಂಜೆಕ್ಷನ್ನನ್ನು ಕುದುರೆಗೆ ಚುಚ್ಚಿದರೆ ಆ ಜಾಗ ಊದಿ ಕೊಳೆಯುವುದುಂಟು.

ಮೂಗಿನಿಂದ ಹಳದಿ ಅಂಟು ಸಿಂಬಳ, ಕಾಲಿನಲ್ಲಿ ಒಡೆದು ಸೋರುವ ಗಂಟು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಅದು ಗ್ಲ್ಯಾಂಡರ್ಸ್ ಎಂಬ ಅಂಟುರೋಗ ಇರಬಹುದು, ಮನುಷ್ಯರಿಗೂ ಬರುತ್ತದೆ. ಪ್ರಾಣಿಗಳ ಅಂಟುರೋಗ ತಡೆಯುವ 2009ರ ಕಾಯ್ದೆ ಪ್ರಕಾರ ಪಶು ಇಲಾಖೆಗೆ ತಿಳಿಸಲೇಬೇಕು. ಬಾನಿ, ಚೀಲ, ಲಗಾಮು ಯಾವುದನ್ನೂ ಇನ್ನೊಂದು ಕುದುರೆಗೆ ಬಳಸಬೇಡಿ.

ಚಳಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಕಡೆಯ ಕಾರ್ತೀಕದ ಚಳಿಗೆ ತಟ್ಟುವಿನ ಕೂದಲೇ ಸಾಕು, ಗೋಣಿ ಹೊದಿಸುವುದು ಮಳೆಗೆ ನೆನೆದು ಗಾಳಿ ಬೀಸುವಾಗ ಮಾತ್ರ.

ಪಟಾಕಿ, ಆಮೇಲೆ ಮೆರವಣಿಗೆ

ದೀಪಾವಳಿಯ ಮೂರು ರಾತ್ರಿ ತಟ್ಟುವನ್ನು ಬಯಲ ಗೂಟಕ್ಕೆ ಉದ್ದ ಹಗ್ಗದಲ್ಲಿ ಬಿಡಬೇಡಿ. ಬೆದರಿ ಎಳೆದಾಗ ಹಗ್ಗ ಕಾಲಿಗೆ ಸುತ್ತಿ ಮೂಳೆ ಮುರಿಯುತ್ತದೆ. ಗೋಡೆ ಇರುವ ಜಾಗದಲ್ಲಿ, ದೀಪ ಉರಿಸಿ, ಒಂದೆಳೆಗೆ ಬಿಚ್ಚುವ ಗಂಟು ಹಾಕಿ, ಮುಂದೆ ಕಣಕಿ ತುಂಬ ಇಡಿ. ಬಾಯಿ ಆಡುತ್ತಿದ್ದರೆ ಹೆದರಿಕೆ ಕಡಿಮೆ.

ಮದುವೆ ಕೆಲಸಕ್ಕೆ ಮೂರು ವಾರ ಮುಂಚೆ ತಯಾರಿ ಶುರುವಾಗಲಿ. ಮೊದಲ ವಾರ ದಿನಾ ಅರ್ಧ ತಾಸು ಬರೀ ನಡಿಗೆ, ಎರಡನೆಯ ವಾರ ಮುಕ್ಕಾಲು ತಾಸು, ನಡುವೆ ನಾಲ್ಕೈದು ನಿಮಿಷದ ಕುಕ್ಕುಲೋಟ, ಮೂರನೆಯ ವಾರ ಜೀನು, ಸಾಜು ಹಾಕಿ ಒಂದು ತಾಸು. ಕಾಳನ್ನು ಕೆಲಸದ ಹಿಂದೆಯೇ ಏರಿಸಿ, ಮುಂಚೆ ಏರಿಸಬೇಡಿ. ಮಳೆಗಾಲದಲ್ಲಿ ಮೂಲೆಯಲ್ಲಿ ಬಿದ್ದಿದ್ದ ಜೀನಿನ ತೊಗಲು ಗಟ್ಟಿಯಾಗಿ, ಬೂಷ್ಟು ಹಿಡಿದಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಎಣ್ಣೆ ತೆಳ್ಳಗೆ ಹಚ್ಚಿ, ಹೊಲಿಗೆ ಜಗ್ಗಿ ನೋಡಿ. ಮಳೆಗಾಲದಲ್ಲಿ ಮೈ ತುಂಬಿದ ತಟ್ಟುವಿಗೆ ಹಳೆಯ ರಂಧ್ರಕ್ಕೇ ಹೊಟ್ಟೆ ಪಟ್ಟಿ ಬಿಗಿದರೆ ಮುಂಗಾಲಿನ ಹಿಂದೆ ಕಿತ್ತುಬರುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ಆಡಬೇಕು. ಜೀನು ಇಳಿಸಿದಾಗ ಬೆನ್ನು ನೋಡಿ. ಸುತ್ತೆಲ್ಲ ಬೆವರಿದ್ದು ನಡುವೆ ಅಂಗೈ ಅಗಲ ಮಾತ್ರ ಒಣಗಿದ್ದರೆ ಜೀನು ಅಲ್ಲಿ ಒತ್ತುತ್ತಿದೆ, ಮೆತ್ತೆ ಸರಿಮಾಡುವ ತನಕ ಆ ಬೆನ್ನಿಗೆ ಏನನ್ನೂ ಹಾಕಬೇಡಿ.