ಚೀಲದ ಜೊತೆ ತೋಟದ ಗುರುತು: ನನ್ನ ಅನುಭವ

ಸಕಲೇಶಪುರದಲ್ಲಿ ನನ್ನದು ಸಣ್ಣ ಕಾಫಿ ವ್ಯಾಪಾರ. ಸುತ್ತಲಿನ ಸಣ್ಣ ಬೆಳೆಗಾರರಿಂದ ರೊಬಸ್ಟಾ ತಳಿಯ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಕೊಂಡು ರಫ್ತು ಮಾಡುವವರಿಗೆ ಕೊಡುತ್ತೇನೆ. ಮೊದಲೆಲ್ಲ ಚೀಲ ಬಂದರೆ ನೋಡುತ್ತಿದ್ದುದು ಎರಡೇ: ತೇವಾಂಶ ಮತ್ತು ಔಟ್‌ಟರ್ನ್, ಅಂದರೆ ಚೀಲಕ್ಕೆ ಎಷ್ಟು ಬೀಜ ಸಿಗುತ್ತದೆ ಅನ್ನೋದು. ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ತೂಗುವುದು. 50 ಕೆಜಿ ಚೀಲಕ್ಕೆ 26 ಕೆಜಿ ಬೀಜ ಬಂದರೆ ಒಂದು ರೇಟು, 27 ಬಂದರೆ ಇನ್ನೊಂದು. ಆಮೇಲೆ ಎಲ್ಲಾ ಒಂದೇ ರಾಶಿ. ಯಾರ ತೋಟದ್ದು ಅನ್ನೋದು ಅಲ್ಲಿಗೇ ಅಳಿಸಿಹೋಗುತ್ತಿತ್ತು.

ಕಾಡು ನಾಶ ತಡೆಯಲು ಯುರೋಪ್ ಒಕ್ಕೂಟ ತಂದ ಹೊಸ ಕಾನೂನು ಕೈ ಹಾಕಿದ್ದು ಈ ರಾಶಿಗೇ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ಗುರುತಿಲ್ಲದ ಮಾಲು ಬೆರೆಸುವಂತಿಲ್ಲ. ಇದು ಜಾರಿಗೆ ಬರುವ ಗಡುವು ಮೊದಲು 2024ರ ಡಿಸೆಂಬರ್ ಅಂದರು, ಮತ್ತೆ 2025, ಆಮೇಲೆ ದೊಡ್ಡ ಕಂಪನಿಗಳಿಗೆ 2026 ಅಂದರು. ಗಡುವು ಮುಂದೆ ಹೋದರೂ ರಫ್ತುದಾರರು ಕಾಯಲಿಲ್ಲ, ತೋಟದ ಗುರುತು ಕೇಳತೊಡಗಿದರು. ಇಟಲಿ, ಜರ್ಮನಿ ನಮ್ಮ ಕಾಫಿಗೆ ದೊಡ್ಡ ಗಿರಾಕಿಗಳು ಅಲ್ವಾ?

ನಾನು ಸಣ್ಣ ಹಿಡುವಳಿಯಿಂದ ಶುರು ಮಾಡಿದೆ. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ ಒಳಗಿದ್ದರೆ ತುಂಡಿಗೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಗಡಿ ಪೂರ್ತಿ ಗುರುತಿಸಬೇಕು. ದಶಮಾಂಶದ ನಂತರ ಆರು ಅಂಕಿ ಬೇಕು. ಸಿಲ್ವರ್ ಓಕ್, ಹಲಸು, ಅತ್ತಿ ನೆರಳಲ್ಲಿ ನಿಂತರೆ ಮೊಬೈಲಿನ ಚುಕ್ಕೆ ಪಕ್ಕದ ತೋಟಕ್ಕೆ ಹಾರುತ್ತದೆ. ಹಾಗಾಗಿ ತೋಟದೊಳಗೇ ಆಕಾಶ ಕಾಣುವ ಕಡೆ, ಕಣದಲ್ಲೋ ಕೆರೆ ಏರಿ ಮೇಲೋ, ಸ್ವಲ್ಪ ಹೊತ್ತು ನಿಂತು ಚುಕ್ಕೆ ನೆಲೆಯಾದ ಮೇಲೆ ಬರೆದುಕೊಂಡೆ. ಅದೇ ನೆರಳು ಉಪಗ್ರಹಕ್ಕೂ ಗೊಂದಲ. ನಮ್ಮ ಹಳೆಯ ತೋಟ ಮೇಲಿಂದ ಕಾಡಿನ ಹಾಗೇ ಕಾಣುತ್ತದೆ. ಈಗ ನೆರಳು ಕಪಾತು ಮಾಡಿದರೆ ಅದಕ್ಕೆ ಕಾಡು ಕಡಿದ ಹಾಗೆ ಕಾಣುತ್ತದೆ! ಅದಕ್ಕೇ ಗಿಡಗಳ ವಯಸ್ಸು, ಹಳೆಯ ಪಹಣಿಯಲ್ಲಿ ಕಾಫಿ ಅಂತ ಇರುವ ಕಲಂ, ಇವನ್ನೂ ಜೊತೆಗಿಡುತ್ತೇನೆ.

ಯಂತ್ರದ ಕೆಲಸ ಅಷ್ಟೇ. ಕಷ್ಟ ಆಗಿದ್ದು ಮನುಷ್ಯರ ಭಯ. 'ಲೊಕೇಶನ್ ಕೊಟ್ರೆ ನಾಳೆ ಒತ್ತುವರಿ ಕೇಸು ಹಾಕ್ತಾರೆ' ಅಂತ ಎಷ್ಟೋ ಜನ ಗೇಟಿನಲ್ಲೇ ನಿಲ್ಲಿಸಿದರು. ಭಯ ಸುಮ್ನೆ ಅಲ್ಲ. ಸ್ಥಳೀಯ ಕಾನೂನು ಪ್ರಕಾರ ಆ ಜಮೀನಿನ ಹಕ್ಕೂ ಸರಿಯಿರಬೇಕು ಅನ್ನುತ್ತದೆ ಯುರೋಪಿನ ನಿಯಮ. ಮಲೆನಾಡಲ್ಲಿ ಎರಡೆಕರೆ ಖಾತೆ, ಪಕ್ಕದಲ್ಲಿ ಅರ್ಧ ಎಕರೆ ಸರ್ಕಾರಿ ಜಾಗ ಅನ್ನೋದು ಹೊಸ ಸಂಗತಿಯೇ? ಇನ್ನು ಕೆಲವರ ಪಹಣಿ ಈಗಲೂ ತೀರಿಕೊಂಡ ಅಜ್ಜನ ಹೆಸರಲ್ಲಿದೆ. ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ) ಆಗಿಲ್ಲ, ಪೋಡಿ (ಅಳತೆ ಮಾಡಿ ಪಾಲು ಬೇರ್ಪಡಿಸುವುದು) ಆಗಿಲ್ಲ. ಅಂಥವರಿಗೆ ನಾನು ಹೇಳಿದ್ದು ಒಂದೇ: ಖಾತೆ ಜಮೀನಿನ ಚೆರ್ರಿ ಬೇರೆ ಒಣಗಿಸಿ ಕೊಡಿ, ಉಳಿದದ್ದನ್ನೂ ಕೊಳ್ಳುತ್ತೇನೆ, ಆದರೆ ಬೇರೆ ಲಾಟಿಗೆ.

ಗೋದಾಮಿನಲ್ಲಿ ಈಗ ಎರಡು ಅಟ್ಟಿ. ಗುರುತಿರುವ ಚೀಲಕ್ಕೆ ಬಟ್ಟೆ ಚೀಟಿ ಹೊಲಿಸಿ, ಸರ್ವೆ ನಂಬರು ಮತ್ತು ತೂಕ ಬರೆಯುತ್ತೇವೆ. ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್‌ಗೂ ಬೇರೆಯಾಗಿಯೇ ಹೋಗುತ್ತದೆ. ಜಾಗ ಜಾಸ್ತಿ ಬೇಕು, ಹಮಾಲಿಯೂ ಜಾಸ್ತಿ. ಇಲ್ಲಿ ವ್ಯಾಪಾರಿಯ ಕಣ್ಣು ಕೆಲಸಕ್ಕೆ ಬರುತ್ತದೆ. ಎರಡೆಕರೆ ತೋಟದ ಹೆಸರಲ್ಲಿ ನೂರು ಚೀಲ ಚೆರ್ರಿ ಬಂದರೆ ಯಾವ ಉಪಗ್ರಹಕ್ಕೂ ಅನುಮಾನ ಬರೋಲ್ಲ, ನನಗೆ ಬರುತ್ತದೆ.

2025ರ ಫೆಬ್ರವರಿಯಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಬೆಲೆ ಟನ್ನಿಗೆ 5,500 ಡಾಲರ್ ದಾಟಿದಾಗ ಈ ಶಿಸ್ತಿಗೆ ನಿಜವಾದ ಪರೀಕ್ಷೆ ಬಂತು. ಪಹಣಿ ಕೇಳಿದರೆ ಬೆಳೆಗಾರ ಮುಂದಿನ ಅಂಗಡಿಗೆ ಹೋಗುತ್ತಿದ್ದ. ಆಗ ಉಳಿದುಕೊಂಡ ವ್ಯಾಪಾರಿಗಳು, ಸ್ಯಾಂಪಲ್ ತೂಗುವುದನ್ನು ಅವರೆದುರೇ ಮಾಡಿ ಅದೇ ದಿನ ಹಣ ಕೊಟ್ಟವರು ಮಾತ್ರ.

ಇದರಿಂದ ಕಾಡು ಉಳಿಯಿತೇ ಅಂದರೆ, ನನಗೆ ಅಷ್ಟು ನಂಬಿಕೆ ಇಲ್ಲ. ಗುರುತಿಲ್ಲದ ಅಟ್ಟಿಯ ಕಾಫಿಯೂ ಮಾರಾಟವಾಗುತ್ತದೆ, ಯುರೋಪಿಗಲ್ಲ ಅಷ್ಟೇ. ಗುರುತಿನ ಚೀಲಕ್ಕೆ ರಫ್ತುದಾರರು ಕೊಡುವ ಹೆಚ್ಚಿನ ರೇಟು ಬೆಳೆಗಾರನ ಬಿಲ್ಲಿನಲ್ಲೇ ಬೇರೆ ಸಾಲಾಗಿ ಕಾಣಬೇಕು ಅಂತ ಹಟ ಹಿಡಿದಿದ್ದೇನೆ. ಆ ಸಾಲು ನೋಡಿ ಈ ವರ್ಷ ಕೆಲವರು ಕೊಯ್ಲಿಗೆ ಮೊದಲೇ ಪೌತಿ ಖಾತೆಗೆ ಅರ್ಜಿ ಹಾಕಿದ್ದಾರೆ.