ಇಬ್ಬರಿಗೆ ಒಂದು ಟೇಬಲ್

ಗಂಡ ಹೆಂಡತಿ ಹೋಟೆಲಿಗೆ ಬಂದರೆ ಎದುರು ಬದುರು ಕೂರುತ್ತಾರೆಯೋ ಅಕ್ಕಪಕ್ಕ ಕೂರುತ್ತಾರೆಯೋ ಎಂದು ಗಲ್ಲಾದ ಹಿಂದಿನಿಂದ ಗಮನಿಸುವುದು ನನ್ನ ಕಸುಬಿನ ಭಾಗವೇ ಆಗಿಬಿಟ್ಟಿದೆ. ಹಾಸನದಲ್ಲಿ ನಮ್ಮದೊಂದು ಮಧ್ಯಮ ಗಾತ್ರದ ಸಸ್ಯಾಹಾರಿ ಹೋಟೆಲು. ಮಾವನವರು ಕಟ್ಟಿ ಬೆಳೆಸಿದ್ದು, ಈಗ ನಾನೂ ನನ್ನ ಹೆಂಡತಿಯೂ ನಡೆಸುತ್ತಿದ್ದೇವೆ. ಹಳೆಯ ಮೇಜುಗಳನ್ನು ತೆಗೆದು ಹೊಸದಾಗಿ ಮಾಡಿಸುವಾಗ ಬಡಗಿ ಕೇಳಿದ ಮೊದಲ ಪ್ರಶ್ನೆ, ಇಬ್ಬರೇ ಬರುವವರು ಎಷ್ಟು ಎಂದು. ನಮ್ಮಲ್ಲಿ ಸಂಜೆಯ ಗಿರಾಕಿಗಳಲ್ಲಿ ಜೋಡಿಗಳೇ ಹೆಚ್ಚು. ಹಾಗಾಗಿ ಅವರಿಗೆ ಹೊಂದುವಂತೆಯೇ ಹಾಲ್ ಜೋಡಿಸಬೇಕಾಯಿತು.

ಪ್ರೀತಿ ಉಕ್ಕುವವರು ಪಕ್ಕದಲ್ಲಿ ಕೂರುತ್ತಾರೆ, ಮದುವೆ ಹಳತಾದವರು ಎದುರು ಕೂರುತ್ತಾರೆ ಎಂದು ನಮ್ಮ ಸಪ್ಲೈಯರ್‌ಗಳು ನಂಬಿದ್ದಾರೆ. ನನಗೆ ಹಾಗೆ ಕಂಡಿಲ್ಲ. ಯಾರು ಎಲ್ಲಿ ಕೂರಬೇಕೆಂದು ತೀರ್ಮಾನಿಸುವುದು ಮುಕ್ಕಾಲು ಪಾಲು ಮೇಜಿನ ಅಳತೆ, ಏನು ತಿನ್ನುತ್ತಾರೆ ಎಂಬುದು, ಮತ್ತು ಖಾಲಿ ಕುರ್ಚಿಗೆ ಬಂದು ಕೂರುವವರು ಯಾರಿರಬಹುದು ಎಂಬ ಅಳುಕು.

ಈ ಖಾಲಿ ಕುರ್ಚಿಯದು ದೊಡ್ಡ ವಿಷಯ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನಕ್ಕೆ ಹೋದವರಿಗೆ ಇದು ಗೊತ್ತಿರುತ್ತದೆ. ನಾಲ್ವರ ಮೇಜಿನಲ್ಲಿ ನೀವಿಬ್ಬರು ಕುಳಿತರೆ ಉಳಿದೆರಡು ಕುರ್ಚಿ ನಿಮ್ಮದಲ್ಲ. ದೋಸೆಗೆ ಕಾದು ನಿಂತವರು ಬಂದು ಕೂರುತ್ತಾರೆ, ಅದು ಅಲ್ಲಿನ ರೂಢಿ. ಅಂಥ ಕಡೆ ಗಂಡ ಹೆಂಡತಿ ಎದುರು ಬದುರು ಕುಳಿತರೆ ಇಬ್ಬರ ಪಕ್ಕಕ್ಕೂ ಅಪರಿಚಿತರು ಬರುತ್ತಾರೆ. ಒಂದೇ ಬದಿಗೆ ಕುಳಿತರೆ ಅಪರಿಚಿತರು ಎದುರಿಗಾದರು, ಮೊಣಕೈ ತಾಗಿದರೂ ಅದು ಮನೆಯವರದೇ. ನಮ್ಮ ಕೆಳಗಿನ ಹಾಲ್‌ನಲ್ಲೂ ಬೆಳಗಿನ ತಿಂಡಿಯ ಹೊತ್ತಿಗೆ ಇದೇ ಕಥೆ. ಶಿಕ್ಷಕ ದಂಪತಿ ಒಬ್ಬರಿದ್ದಾರೆ. ಬೆಳಿಗ್ಗೆ ಇಡ್ಲಿ ವಡೆಗೆ ಬಂದಾಗ ಅಕ್ಕಪಕ್ಕ, ಭಾನುವಾರ ಸಂಜೆ ಫ್ಯಾಮಿಲಿ ರೂಮಿನಲ್ಲಿ ಎದುರು ಬದುರು. ಬೆಳಿಗ್ಗೆಯಿಂದ ಸಂಜೆಯೊಳಗೆ ಪ್ರೀತಿಯೇನೂ ಏರಿಳಿದಿರುವುದಿಲ್ಲ.

ಫ್ಯಾಮಿಲಿ ರೂಮ್ ಎಂದೆನಲ್ಲ, ಮಾವನವರ ಕಾಲದಲ್ಲಿ ಅದು ನಿಜಕ್ಕೂ ಗೂಡುಗಳ ಸಾಲು. ಪ್ಲೈವುಡ್ ಗೋಡೆ, ಮುಂದೆ ಎಣ್ಣೆ ಜಿಡ್ಡು ಹಿಡಿದ ಪರದೆ. ಹೆಂಗಸರು ಗಂಡಸರ ಕಣ್ಣೆದುರು ಬಾಯಿ ತೆರೆದು ತಿನ್ನಲು ಸಂಕೋಚ ಪಡುತ್ತಿದ್ದ ಕಾಲ ಅದು. ಊಟವೆಂದರೆ ಪಂಕ್ತಿ, ಗಂಡಸರ ಪಂಕ್ತಿ ಎದ್ದ ಮೇಲೆ ಹೆಂಗಸರದು. ನಾಲ್ಕು ಜನರ ಮುಂದೆ ಗಂಡ ಹೆಂಡತಿ ಅಕ್ಕಪಕ್ಕ ಕುಳಿತು ಉಣ್ಣುತ್ತಿದ್ದದ್ದು ಮದುವೆಯ ಭೂಮದೂಟದಲ್ಲಿ, ಅದೂ ಸುತ್ತ ನೆಂಟರು ತಮಾಷೆ ಮಾಡುತ್ತಾ ನಿಂತಿರುವಾಗ. ಆ ತಲೆಮಾರಿಗೆ ಪರದೆ ಬೇಕಿತ್ತು. ನಾನು ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಪರದೆಯ ಹಿಂದೆ ಕುಳಿತ ಕಾಲೇಜು ಹುಡುಗ ಹುಡುಗಿಯರನ್ನು ಇಣುಕಿ ನೋಡಿ ಬುದ್ಧಿ ಹೇಳಲು ಬರುವವರ ಕಾಟವೇ ಜಾಸ್ತಿಯಾಗಿತ್ತು. ಪರದೆ ಕಿತ್ತು ಹಾಕಿಸಿದೆ. ಗೂಡುಗಳ ಗೋಡೆಯನ್ನು ನಾಲ್ಕೂವರೆ ಅಡಿಗೆ ಕೊಯ್ಯಿಸಿದೆ. ಕುಳಿತವರ ಕಣ್ಣು ನೆಲದಿಂದ ಹೆಚ್ಚುಕಡಿಮೆ ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಹಾಗಾಗಿ ಪಕ್ಕದ ಮೇಜಿನವರಿಗೆ ಇವರು ಕಾಣುವುದಿಲ್ಲ, ನಿಂತು ಬಡಿಸುವವನಿಗೆ ಎಲ್ಲರೂ ಕಾಣುತ್ತಾರೆ. ಮುಚ್ಚಿಟ್ಟಂತೆಯೂ ಅಲ್ಲ, ಬೀದಿಯಲ್ಲಿ ಕೂರಿಸಿದಂತೆಯೂ ಅಲ್ಲ. ಇಣುಕುವವರ ಉತ್ಸಾಹ ತಾನಾಗಿಯೇ ಇಳಿಯಿತು.

ಇನ್ನು ತಟ್ಟೆಯ ಲೆಕ್ಕ. ಒಬ್ಬರು ಆರಾಮಾಗಿ ಕುಳಿತು ತಿನ್ನಲು ಮೇಜಿನ ಅಂಚು ಎರಡು ಅಡಿ ಬೇಕು. ಊಟದ ಸ್ಟೀಲ್ ತಟ್ಟೆ ಒಂದು ಅಡಿಗಿಂತ ಸ್ವಲ್ಪ ದೊಡ್ಡದು, ಅದರ ಆಚೆಗೆ ನೀರಿನ ಲೋಟ, ಹಪ್ಪಳ, ಮಜ್ಜಿಗೆ. ಎರಡು ಅಡಿ ಚೌಕದ ಮೇಜಿನಲ್ಲಿ ಎದುರು ಬದುರು ಎರಡು ಊಟ ಇಟ್ಟರೆ ತಟ್ಟೆಗಳ ಅಂಚು ಒಂದರ ಮೇಲೊಂದು ಏರುತ್ತದೆ. ಕ್ಯಾಟಲಾಗಿನಲ್ಲಿ ಬರುವ ಮುದ್ದಾದ ಕಾಫಿ ಮೇಜುಗಳು ನಮ್ಮ ಊಟಕ್ಕೆ ಆಗಿಬರುವುದಿಲ್ಲ. ನಾನು ಮಾಡಿಸಿದ್ದು ಎರಡು ಅಡಿ ಅಂಚು, ಎದುರಿನವರಿಗೆ ಎರಡೂವರೆ ಅಡಿ ದೂರ. ಅದಕ್ಕಿಂತ ದೂರವಾದರೆ ಗದ್ದಲದಲ್ಲಿ ಮಾತು ಕೇಳಿಸದೆ ಇಬ್ಬರೂ ಕೂಗಬೇಕಾಗುತ್ತದೆ. ಮನೆಯಲ್ಲಿ ಕೂಗಾಡಿ ಬಂದವರಿಗೆ ಇಲ್ಲೂ ಅದೇ ಆದರೆ ಹೇಗೆ!

ಆದರೆ ನನಗೆ ಹೆಚ್ಚು ಹೆಮ್ಮೆಯಿರುವುದು ಮೂಲೆಗಳ ಬಗ್ಗೆ. ಹಾಲ್‌ನ ಎರಡು ಮೂಲೆಗಳಲ್ಲಿ ಗೋಡೆಗೆ ಒತ್ತಿ ಬೆಂಚು ಹಾಕಿಸಿ, ಮೇಜಿನ ಪಕ್ಕದ ಬದಿಗೆ ಒಂದು ಕುರ್ಚಿ ಇಟ್ಟೆ. ಒಬ್ಬರು ಬೆಂಚಿನಲ್ಲಿ, ಇನ್ನೊಬ್ಬರು ಕುರ್ಚಿಯಲ್ಲಿ, ನಡುವೆ ಮೇಜಿನ ಒಂದು ಮೂಲೆ ಅಷ್ಟೇ. ಮುಖ ನೋಡಬೇಕೆನಿಸಿದರೆ ಕತ್ತು ಸ್ವಲ್ಪ ಹೊರಳಿಸಿದರೆ ಸಾಕು, ಬೇಡವೆನಿಸಿದರೆ ಹಾಲ್ ನೋಡಬಹುದು. ರಾಬರ್ಟ್ ಸಾಮರ್ ಎಂಬ ಅಮೆರಿಕದ ಮನೋವಿಜ್ಞಾನಿ 1950ರ ದಶಕದ ಕೊನೆಯಲ್ಲಿ ಕೆನಡಾದ ಆಸ್ಪತ್ರೆಯೊಂದರ ಊಟದ ಕೋಣೆಯಲ್ಲಿ ಜನರನ್ನು ಗಮನಿಸಿ, ಮೇಜಿನ ಮೂಲೆಯ ಎರಡು ಬದಿ ಹಿಡಿದವರ ನಡುವೆಯೇ ಮಾತುಕತೆ ಹೆಚ್ಚು ಎಂದು ಕಂಡುಕೊಂಡಿದ್ದರಂತೆ. ಮಗಳು ಓದಿ ಹೇಳಿದಳು. ನನಗೆ ಅದು ಕಾಫಿ ಲೆಕ್ಕದಲ್ಲಿ ತಿಳಿಯಿತು, ಮೂಲೆಯ ಮೇಜಿನವರು ಊಟವಾದ ಮೇಲೆ ಎರಡನೇ ಸಲ ಬೈ ಟು ಹೇಳುತ್ತಾರೆ.

ಬರುವವರಲ್ಲೂ ಎಷ್ಟು ಬಗೆ! ಹೆಣ್ಣು ನೋಡುವ ಶಾಸ್ತ್ರ ಮುಗಿಸಿ, ದೊಡ್ಡವರನ್ನು ಬೇರೆ ಮೇಜಿಗೆ ಕಳುಹಿಸಿ ಮಾತನಾಡಲು ಕೂರುವ ಹುಡುಗ ಹುಡುಗಿ ಯಾವಾಗಲೂ ಎದುರು ಬದುರು. ಬೆನ್ನು ನೆಟ್ಟಗೆ, ಕಾಫಿ ಆರಿಹೋಗಿರುತ್ತದೆ. ಆಷಾಢದಲ್ಲಿ ತವರಿಗೆ ಹೋದ ಹೊಸ ಮದುವಣಗಿತ್ತಿಯರನ್ನು ನೋಡಲು ಬರುವ ಗಂಡಂದಿರು ಇನ್ನೊಂದು ಬಗೆ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎನ್ನುತ್ತದೆ ಶಾಸ್ತ್ರ, ಗಂಡ ಹೆಂಡತಿ ಒಂದೇ ಮಸಾಲೆದೋಸೆ ತಿನ್ನಬಾರದೆಂದು ಎಲ್ಲೂ ಹೇಳಿಲ್ಲ. ಇವರು ಮಾತ್ರ ಗೋಡೆ ಕಡೆಯ ಬೆಂಚಿನಲ್ಲಿ ಅಕ್ಕಪಕ್ಕವೇ. ನಾಲ್ವರ ಮೇಜು ಇಬ್ಬರಿಗೆ ಹಿಡಿದರೂ ಆ ಒಂದು ತಿಂಗಳು ನಾನು ಎಬ್ಬಿಸಲು ಹೋಗುವುದಿಲ್ಲ.

ಕೈಗೂಸು ಇರುವವರ ಕಷ್ಟ ಬೇರೆ. ತಾಯಿ ಮಗು ಒಂದು ಕಡೆ, ತಂದೆ ಎದುರು. ತಂದೆ ಬೇಗಬೇಗ ತಿಂದು ಮುಗಿಸಿ ಮಗುವನ್ನು ಎತ್ತಿಕೊಂಡು ಹೊರಗೆ ಹೋದ ಮೇಲೆ ತಾಯಿಯ ಊಟ. ಇವರಿಗೆ ಎರಡೂ ತಟ್ಟೆ ಒಟ್ಟಿಗೆ ತರಬೇಡಿ, ಇಲ್ಲವಾದರೆ ಆಕೆ ತಣ್ಣಗಾದದ್ದನ್ನು ತಿನ್ನಬೇಕಾಗುತ್ತದೆ ಎಂದು ಸಪ್ಲೈಯರ್‌ಗಳಿಗೆ ಹೇಳಿಕೊಟ್ಟದ್ದು ನನ್ನ ಹೆಂಡತಿ. ಸಕ್ಕರೆ ಕಾಯಿಲೆಯ ಹಿರಿಯರನ್ನು ಕರೆತರುವ ಹೆಂಗಸರು ಎದುರೇ ಕೂರುತ್ತಾರೆ, ಪಕ್ಕ ಕುಳಿತರೆ ಜಾಮೂನಿನ ಮೇಲೆ ಕಣ್ಣಿಡಲು ಆಗುವುದಿಲ್ಲವಲ್ಲ. ಕಿವಿ ಮಂದವಾದವರು ಚೆನ್ನಾಗಿ ಕೇಳುವ ಕಿವಿಯ ಕಡೆಗೆ ಹೆಂಡತಿಯನ್ನು ಕೂರಿಸಿಕೊಳ್ಳುತ್ತಾರೆ. ಅದಕ್ಕಿಂತ ಉಲ್ಟಾ ಕೂರಿಸಿಕೊಂಡವರೂ ಒಬ್ಬರಿದ್ದಾರೆ, ಬೇಕೆಂದೇ ಎಂದು ನನ್ನ ಗುಮಾನಿ.

ಪಕ್ಕಪಕ್ಕ ಕೂರುವವರಿಗೆ ನಮ್ಮ ಕೈಯೂಟ ಅನುಕೂಲ. ಇಬ್ಬರೂ ಬಲಗೈಯಲ್ಲಿ ತಿನ್ನುವವರಾದರೆ ಎಡಗೈ ತೊಡೆಯ ಮೇಲಿರುತ್ತದೆ, ಮೊಣಕೈ ಗುದ್ದುವುದಿಲ್ಲ. ಈಗಿನ ಹುಡುಗರಲ್ಲಿ ಎಡಗೈಯಲ್ಲೇ ಚಮಚ ಹಿಡಿಯುವವರು ಕಾಣುತ್ತಾರೆ. ಅಂಥವರು ಜೋಡಿಯ ಎಡಬದಿಗಿರಬೇಕು. ಬಲಬದಿಗೆ ಕುಳಿತರೆ ಎರಡು ಮೊಣಕೈಗಳ ಯುದ್ಧದಲ್ಲಿ ಸಾಂಬಾರು ಯಾರಾದರೊಬ್ಬರ ಬಟ್ಟೆಗೆ ಖಂಡಿತ.

ಸಪ್ಲೈಯರ್‌ಗಳಿಗೆ ಇಷ್ಟು ಕಟ್ಟುಮಾಡಿದ್ದೇನೆ: ಜೋಡಿ ಬಂದರೆ ನೀರು ಇಡುವ ಮೊದಲು ಅವರು ಕೂರುವುದನ್ನು ಕಾಯಬೇಕು. ಲೋಟ ಮೊದಲೇ ಎದುರು ಬದುರು ಇಟ್ಟುಬಿಟ್ಟರೆ ಅದೇ ಅಪ್ಪಣೆಯಾಗಿಬಿಡುತ್ತದೆ, ಬೇರೆ ಕಡೆ ಕೂರಬೇಕೆಂದಿದ್ದವರೂ ಸುಮ್ಮನೆ ಕೂರುತ್ತಾರೆ. ಒಂದು ದೋಸೆ ಹೇಳಿದರೆ ಕೇಳದೆಯೇ ಖಾಲಿ ತಟ್ಟೆ ಒಂದು ತರಬೇಕು, ಎಂಜಲಾಗುತ್ತದೆಂದು ಅಳುಕುವವರು ಬಾಯಿಬಿಟ್ಟು ಕೇಳಲು ನಾಚುತ್ತಾರೆ. ಬಿಲ್ಲು ಮತ್ತು ಸೋಂಪಿನ ಬಟ್ಟಲು ಮೇಜಿನ ನಡುವೆ. ಗಂಡಸಿನ ಮುಂದೆ ನೂಕುವ ಚಾಳಿ ಬಿಡಿಸಲು ಸಾಕುಸಾಕಾಯಿತು, ಏಕೆಂದರೆ ಎಷ್ಟೋ ಸಲ ದುಡ್ಡು ಕೊಡುವವರು ಆಕೆಯೇ.

ಟಿ.ವಿ. ಮಾತ್ರ ಒಂದು ದಿನ ಕ್ರಿಕೆಟ್ ಪಂದ್ಯದ ನಡುವೆಯೇ ತೆಗೆಸಿದೆ. ಅದು ಇರುವ ತನಕ ಗಂಡಂದಿರು ಅದರ ಕಡೆ ಮುಖ ಮಾಡುವ ಕುರ್ಚಿಯನ್ನೇ ಹಿಡಿಯುತ್ತಿದ್ದರು, ಹೆಂಡತಿಯರಿಗೆ ಗೋಡೆ.

ಈಗ ಮೇಲಿನ ಮಹಡಿಯಲ್ಲಿ ಎ.ಸಿ. ಹಾಲ್ ಮಾಡುತ್ತಿದ್ದೇವೆ. ಜೋಡಿಗಳಿಗೆ ಸೋಫಾ ಹಾಕೋಣ ಎನ್ನುತ್ತಾಳೆ ಮಗಳು. ಕುರ್ಚಿಯಾದರೆ ಹದಿನೆಂಟು ಇಂಚು ಎತ್ತರ, ಮೇಜು ಮೂವತ್ತು. ಮೆತ್ತನೆಯ ಸೋಫಾ ಕುಳಿತೊಡನೆ ತಗ್ಗುತ್ತದೆ, ಬೆನ್ನು ಹಿಂದಕ್ಕೆ ವಾಲುತ್ತದೆ, ತಟ್ಟೆ ಎದೆಯ ಮಟ್ಟಕ್ಕೆ ಬರುತ್ತದೆ. ಹಾಗೆ ಕುಳಿತು ಬಿಸಿಬೇಳೆಬಾತ್ ತಿಂದು ತೋರಿಸು ಎಂದಿದ್ದೇನೆ. ಅವಳು ಬೆಂಗಳೂರಿನಿಂದ ಗಟ್ಟಿ ಸ್ಪಂಜಿನ ಮಾದರಿ ತರಿಸುತ್ತಿದ್ದಾಳೆ.